ಹೈಡ್ರೋಜನ್ ಬಂಧ ಯಾವ ಹಂತದ್ದು? ಪ್ರೋಟೀನ್ ರಚನೆಯ ಟಿಪ್ಪಣಿ

ಪ್ರಾಥಮಿಕ, ದ್ವಿತೀಯಕ, ತೃತೀಯಕ, ಚತುರ್ಥಕ. ಪ್ರೋಟೀನ್ ರಚನೆಯ ಈ ನಾಲ್ಕು ಹಂತಗಳ ಹೆಸರನ್ನು ಯಾರು ಬೇಕಾದರೂ ಉರು ಹೊಡೆಯಬಹುದು. ತಲೆ ಕೆಡಿಸುವುದು ಬಂಧಗಳು. ದ್ವಿತೀಯಕದ ಎದುರು ಹೈಡ್ರೋಜನ್ ಬಂಧ (ನೈಟ್ರೋಜನ್‌ಗೋ ಆಕ್ಸಿಜನ್‌ಗೋ ಅಂಟಿದ ಹೈಡ್ರೋಜನ್ನನ್ನು ಇನ್ನೊಂದು ಅಂಥ ಪರಮಾಣು ಸೆಳೆದು ಹಿಡಿಯುವ ದುರ್ಬಲ ಬಂಧ) ಅಂತ ಇರುತ್ತದೆ. ಪುಟ ತಿರುವಿದರೆ ತೃತೀಯಕದಲ್ಲೂ ಅದೇ, ಚತುರ್ಥಕದಲ್ಲೂ ಅದೇ! ಹಾಸನದ ನಮ್ಮ ಹಾಸ್ಟೆಲಿನಲ್ಲಿ ಪಿಯು ಓದುವ ಅರ್ಧ ಜನ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಜಾಗ.

ಮೊದಲ ಹಂತ ಸುಲಭ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಒಂದು ಅಮೈನೋ ಆಮ್ಲದ ಕಾರ್ಬಾಕ್ಸಿಲ್ ಗುಂಪು ಇನ್ನೊಂದರ ಅಮೈನೋ ಗುಂಪಿನ ಜೊತೆ ಸೇರುತ್ತದೆ, ಒಂದು ನೀರಿನ ಅಣು ಹೊರಗೆ ಹೋಗುತ್ತದೆ, ಪೆಪ್ಟೈಡ್ ಬಂಧ ಆಗುತ್ತದೆ. ಯಾವುದರ ಮುಂದೆ ಯಾವುದು ಅನ್ನುವ ಸಾಲೇ ಪ್ರಾಥಮಿಕ ರಚನೆ. ಇನ್ಸುಲಿನ್‌ನ ಸಾಲನ್ನು ಪೂರ್ತಿ ಬಿಡಿಸಿದವರು ಫ್ರೆಡರಿಕ್ ಸ್ಯಾಂಗರ್. ಒಂದು ಸರಪಳಿಯಲ್ಲಿ 21, ಇನ್ನೊಂದರಲ್ಲಿ 30, ಒಟ್ಟು 51 ಅಮೈನೋ ಆಮ್ಲ. 1958ರ ನೊಬೆಲ್ ಅವರಿಗೆ ಬಂದದ್ದು ಈ ಕೆಲಸಕ್ಕೆ.

ಈಗ ಕಷ್ಟದ ಜಾಗ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ಹೂವು ನೋಡಿದ್ದೀರಲ್ಲ? ಮಧ್ಯೆ ದಾರ, ಪಕ್ಕಕ್ಕೆ ಚಾಚಿದ ಹೂವು. ಪ್ರೋಟೀನಿನಲ್ಲಿ ನೈಟ್ರೋಜನ್, ಕಾರ್ಬನ್, ಕಾರ್ಬನ್ ಅಂತ ಮತ್ತೆ ಮತ್ತೆ ಬರುವ ಭಾಗವೇ ದಾರ. ಅದಕ್ಕೆ ಅಂಟಿದ ಆಕ್ಸಿಜನ್ನು, ಹೈಡ್ರೋಜನ್ನು ಕೂಡ ದಾರದ್ದೇ. ಆರ್ ಗುಂಪುಗಳು, ಅಂದರೆ ಒಂದೊಂದು ಅಮೈನೋ ಆಮ್ಲದಲ್ಲಿ ಒಂದೊಂದು ಥರ ಇರುವ ಪಕ್ಕದ ಗುಂಪುಗಳು, ಹೂವು. ಬಂಧ ಕಂಡ ತಕ್ಷಣ ಹೆಸರು ನೋಡಬೇಡಿ. ಅದರ ಎರಡು ತುದಿ ಎಲ್ಲಿವೆ ನೋಡಿ.

ಎರಡೂ ತುದಿ ದಾರದಲ್ಲೇ ಇದ್ದು, ಸುರುಳಿಯೋ ಹಾಳೆಯೋ ಆಗಿದ್ದರೆ ದ್ವಿತೀಯಕ. ಒಂದೇ ಸರಪಳಿಯ ಹೂವುಗಳ ನಡುವೆ ಇದ್ದರೆ ತೃತೀಯಕ. ಎರಡು ಬೇರೆ ಸರಪಳಿಗಳ ನಡುವೆ ಇದ್ದರೆ ಚತುರ್ಥಕ. ಇದಕ್ಕೆ ಅಪವಾದ ಇಲ್ಲ ಅಂತಲ್ಲ. ತೃತೀಯಕದಲ್ಲಿ ಹೂವೊಂದು ದಾರವನ್ನೂ ಹಿಡಿಯಬಹುದು. ಆದರೆ ಪರೀಕ್ಷೆಯ ಪ್ರಶ್ನೆಗೆ ಇಷ್ಟು ಧಾರಾಳ ಸಾಕು.

ದ್ವಿತೀಯಕದ ಸುರುಳಿ, ಅಂದರೆ ಆಲ್ಫಾ ಹೆಲಿಕ್ಸ್ ಮೇಲೆ ಇದನ್ನು ಹಾಕಿ ನೋಡಿ. 1ನೇ ಅಮೈನೋ ಆಮ್ಲದ ದಾರದಲ್ಲಿರುವ ಆಕ್ಸಿಜನ್, 5ನೆಯದರ ದಾರದಲ್ಲಿ ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್ನನ್ನು ಹಿಡಿಯುತ್ತದೆ. 2ನೆಯದು 6ನೆಯದನ್ನು. ಹೀಗೇ ಮುಂದೆ. ಒಂದು ಸುತ್ತಿಗೆ 3.6 ಅಮೈನೋ ಆಮ್ಲ ಅಂತಲೂ ಓದಿರುತ್ತೇವೆ, ಆಮೇಲೆ 3.6ಕ್ಕೂ 4ಕ್ಕೂ ಹೊಂದುವುದಿಲ್ಲವಲ್ಲ ಅನ್ನಿಸುತ್ತದೆ. ಹೊಂದಬೇಕಾಗಿಲ್ಲ. 3.6 ಅನ್ನುವುದು ಸುತ್ತಿನ ಅಳತೆ, 4 ಅನ್ನುವುದು ಬಂಧ ಎಷ್ಟು ಮುಂದೆ ಹಾರುತ್ತದೆ ಅನ್ನುವ ಲೆಕ್ಕ. ಒಂದು ಸುತ್ತು ಮುಗಿದು ಚೂರು ಮುಂದೆ ಹೋದರೆ ಆಕ್ಸಿಜನ್‌ಗೆ ಸರಿಯಾಗಿ ಎದುರು ಹೈಡ್ರೋಜನ್ ಬರುತ್ತದೆ. ಈ ಸುರುಳಿಯನ್ನು 1951ರಲ್ಲಿ ಪಾಲಿಂಗ್, ಕೋರಿ, ಬ್ರಾನ್ಸನ್ ಮುಂದಿಟ್ಟರು. ಹೂವುಗಳೆಲ್ಲ ಸುರುಳಿಯ ಹೊರಗೆ ಚಾಚಿರುತ್ತವೆ, ಸುರುಳಿಯನ್ನು ಹಿಡಿದಿಡುವ ಬಂಧದಲ್ಲಿ ಅವುಗಳ ಪಾಲಿಲ್ಲ. ಪ್ರೋಲಿನ್ ಒಂದು ತಕರಾರು. ಅದರ ಆರ್ ಗುಂಪು ಹಿಂದಕ್ಕೆ ಬಂದು ದಾರದ ನೈಟ್ರೋಜನ್‌ಗೇ ಸೇರಿಕೊಂಡಿದೆ. ಸಾಲಿನ ನಡುವೆ ಇದ್ದಾಗ ಆ ನೈಟ್ರೋಜನ್ ಮೇಲೆ ಹೈಡ್ರೋಜನ್ ಉಳಿದಿರುವುದಿಲ್ಲ. ಕೊಡಲು ಏನೂ ಇಲ್ಲದ ಮೇಲೆ ಬಂಧ ಎಲ್ಲಿಂದ? ಸುರುಳಿ ಅಲ್ಲಿ ಮುರಿಯುತ್ತದೆ ಅಥವಾ ಬಾಗುತ್ತದೆ.

ಬೀಟಾ ಹಾಳೆಯಲ್ಲೂ ದಾರಕ್ಕೆ ದಾರವೇ. ಎಳೆಗಳು ಅಕ್ಕಪಕ್ಕ ಮಲಗಿರುತ್ತವೆ ಅಷ್ಟೇ.

ತೃತೀಯಕದಲ್ಲಿ, ಅಂದರೆ ಇಡೀ ಸರಪಳಿ ಮಡಚಿಕೊಂಡು ಪಡೆಯುವ ಆಕಾರದಲ್ಲಿ, ಹೂವುಗಳ ಕಾರುಬಾರು. ಲೈಸಿನ್‌ನ ಧನ ಆವೇಶ, ಆಸ್ಪಾರ್ಟೇಟ್‌ನ ಋಣ ಆವೇಶ ಸೇರಿದರೆ ಅಯಾನಿಕ್ ಬಂಧ. ಎರಡು ಸಿಸ್ಟೀನ್‌ಗಳ ಗಂಧಕ ಸೇರಿದರೆ ಡೈಸಲ್ಫೈಡ್, ಇದು ಕೋವೇಲೆಂಟ್, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡ ಗಟ್ಟಿ ಬಂಧ. ನೀರಿಗೆ ಆಗದ ಆರ್ ಗುಂಪುಗಳು ನೀರಿನಿಂದ ತಪ್ಪಿಸಿಕೊಂಡು ಒಳಗೆ ಗುಂಪಾಗುತ್ತವೆ. ಮಡಚುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದೇ, ಆದರೆ ನಿಜ ಹೇಳಬೇಕೆಂದರೆ ಇದನ್ನು ಬಂಧ ಅನ್ನುವುದೇ ಕಷ್ಟ.

ಚತುರ್ಥಕಕ್ಕೆ ಒಂದಕ್ಕಿಂತ ಹೆಚ್ಚು ಸರಪಳಿ ಬೇಕು. ಹಿಮೋಗ್ಲೋಬಿನ್‌ನಲ್ಲಿ ನಾಲ್ಕು: ಎರಡು ಆಲ್ಫಾ, ಎರಡು ಬೀಟಾ. ಸ್ನಾಯುವಿನಲ್ಲಿ ಆಕ್ಸಿಜನ್ ಹಿಡಿದಿಡುವ ಮಯೋಗ್ಲೋಬಿನ್‌ನಲ್ಲಿ ಒಂದೇ, ಹಾಗಾಗಿ ಅದಕ್ಕೆ ಈ ಹಂತವೇ ಇಲ್ಲ. ಈ ಪ್ರಶ್ನೆ ಕೇಳುತ್ತಾರೆ, ಗುರುತು ಹಾಕಿಕೊಳ್ಳಿ.

ಕೊನೆಗೆ ಡಿನೇಚರೇಷನ್, ಅಂದರೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುವುದು. ಮೊಟ್ಟೆ ಬೇಯಿಸಿದರೆ ದುರ್ಬಲ ಬಂಧಗಳು ಬಿಚ್ಚಿಕೊಳ್ಳುತ್ತವೆ, ಪೆಪ್ಟೈಡ್ ಬಂಧ ಹಾಗೇ ಇರುತ್ತದೆ. ಬಿಚ್ಚಿದ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಹಾಲು ಕಾಯಿಸಿದರೆ ಯಾಕೆ ಹಾಗೆ ಗಟ್ಟಿಯಾಗುವುದಿಲ್ಲ? ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್. ಅದಕ್ಕೆ ಬಿಗಿಯಾಗಿ ಮಡಚಿದ ತೃತೀಯಕ ರಚನೆ ಮೊದಲೇ ಕಡಿಮೆ. ಬಿಸಿಗೆ ಬಿಚ್ಚಿಕೊಳ್ಳಲು ಅಲ್ಲಿ ಹೆಚ್ಚೇನೂ ಇಲ್ಲ. ಹಳಸಲು ಹಾಲನ್ನು ಬಿಸಿ ಡಿಕಾಕ್ಷನ್‌ಗೆ ಹಾಕಿದರೆ ಒಡೆಯುತ್ತದಲ್ಲ, ಅದು ಬೇರೆ ಕಥೆ. ಹಾಲು ಮೊದಲೇ ಹುಳಿಗೆ ತಿರುಗಿರುತ್ತದೆ, ಕಾಫಿಯಲ್ಲೂ ಆಮ್ಲ ಇದೆ. ಆಮ್ಲ ಏರಿದಂತೆ ಕೇಸೀನ್ ಕಣಗಳ ಮೇಲಿನ ಋಣ ಆವೇಶ ಕರಗುತ್ತದೆ. ಪಿಎಚ್ (ಆಮ್ಲೀಯತೆಯ ಅಳತೆ, ಆಮ್ಲ ಏರಿದಂತೆ ಇದು ಇಳಿಯುತ್ತದೆ) 4.6ರ ಹತ್ತಿರ ಆ ಆವೇಶ ಸೊನ್ನೆ. ಅದಕ್ಕೆ ಮುಂಚೆಯೇ ಕಣಗಳು ಒಂದನ್ನೊಂದು ದೂರ ತಳ್ಳುವುದು ಕಡಿಮೆಯಾಗುತ್ತದೆ. ಮೇಲಿಂದ ಬಿಸಿಯೂ ಇದ್ದರೆ ಒಟ್ಟಿಗೆ ಸೇರಲು ಅಷ್ಟೇ ಸಾಕು. ಉತ್ತರದಲ್ಲಿ ಇದನ್ನು ಮೊಟ್ಟೆಯ ಜೊತೆ ಒಂದೇ ಸಾಲಿನಲ್ಲಿ ಬರೆಯಬೇಡಿ.