ತಲೆ ಮೇಲೆ ಕಿರೀಟವಿಲ್ಲದ ರಾಜಕುಮಾರಿ: ‘ಟುಟು’ ಚಿತ್ರದ ಹಿನ್ನೆಲೆ

2017ರ ಕೊನೆಗೆ ಉತ್ತರ ಲಂಡನ್ನಿನ ಒಂದು ಸಾಧಾರಣ ಫ್ಲ್ಯಾಟ್‌ನಲ್ಲಿ ಒಂದು ಚಿತ್ರ ಸಿಕ್ಕಿತು. ಅದು ಎಂಥಾ ಬೆಲೆಬಾಳುವ ಚಿತ್ರ ಅನ್ನೋದು ಆ ಮನೆಯವರಿಗೇ ಗೊತ್ತಿರಲಿಲ್ಲ. ಬಾನಮ್ಸ್ ಹರಾಜು ಸಂಸ್ಥೆಯವರು ಬಂದು ಪರೀಕ್ಷಿಸಿದಾಗ ಅದು ನೈಜೀರಿಯಾದ ಕಲಾವಿದ ಬೆನ್ ಎನ್ವೊನ್ವು 1974ರಲ್ಲಿ ಬರೆದ ‘ಟುಟು’ ಅಂತ ಖಚಿತವಾಯಿತು. ನೈಜೀರಿಯಾದವರು ಎಷ್ಟೋ ವರ್ಷದಿಂದ ಹುಡುಕುತ್ತಿದ್ದ ಚಿತ್ರ ಅದು. 2018ರ ಫೆಬ್ರುವರಿ 28ರಂದು ಲಂಡನ್ನಿನಲ್ಲಿ ಹರಾಜು ನಡೆಯಿತು. ನೈಜೀರಿಯಾದ ಲಾಗೋಸ್‌ನಲ್ಲೂ ಜನ ಕೂತು ಅದನ್ನು ನೇರ ಪ್ರಸಾರದಲ್ಲಿ ನೋಡಿದರು. ಎರಡರಿಂದ ಮೂರು ಲಕ್ಷ ಪೌಂಡ್ ಬರಬಹುದು ಅಂದುಕೊಂಡಿದ್ದ ಚಿತ್ರ 12 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು.

ಮರುದಿನ ಎಲ್ಲ ಕಡೆ ಒಂದೇ ಮಾತು: ‘ಆಫ್ರಿಕಾದ ಮೋನಾಲಿಸಾ’. ಪ್ರೀತಿಯಿಂದಲೇ ಇಟ್ಟ ಹೆಸರು, ನಿಜ. ಆದರೆ ಚಿತ್ರದಲ್ಲಿರುವ ಹುಡುಗಿಯ ವಂಶಾವಳಿ ಇಟಲಿಯಲ್ಲಿಲ್ಲ. ಅದನ್ನು ಹುಡುಕಬೇಕಾದರೆ ನೈಜೀರಿಯಾದ ನೈಋತ್ಯ ಭಾಗದ ಇಲೆ-ಇಫೆ ಊರಿಗೇ ಹೋಗಬೇಕು.

ಲೋಕ ಹುಟ್ಟಿದ್ದೇ ಇಫೆಯಲ್ಲಿ ಅನ್ನುತ್ತದೆ ಯೊರುಬಾ ಜನರ ಪುರಾಣ. ಅಲ್ಲಿ ಇಳಿದು ಬಂದವನು ಒಡುಡುವಾ. ಯೊರುಬಾ ನಾಡಿನ ಅರಸುಮನೆತನಗಳು ತಾವು ಅವನ ಮಕ್ಕಳ ಸಂತತಿ ಅಂತ ಹೇಳಿಕೊಳ್ಳುತ್ತವೆ. ಇಫೆಯ ಅರಸನಿಗೆ ‘ಓನಿ’ ಅನ್ನುತ್ತಾರೆ. ಯೊರುಬಾ ದೊಡ್ಡ ಅರಸರ ಕಿರೀಟ ಮಣಿಗಳಿಂದ ಮಾಡಿದ್ದು. ಅದರ ಮುಂದೆ ಮಣಿಸರಗಳು ಇಳಿಬಿದ್ದು ಅರಸನ ಮುಖವನ್ನು ಮರೆಮಾಡುತ್ತವೆ. ಆ ಕಿರೀಟ ತೊಟ್ಟ ಮೇಲೆ ಅಲ್ಲಿ ಕಾಣಬೇಕಾದ್ದು ಒಬ್ಬ ಮನುಷ್ಯನ ಮುಖ ಅಲ್ಲ, ಅವನ ಹಿಂದಿರುವ ಇಡೀ ವಂಶ.

ಹಾಗಂತ ಇಫೆಯವರಿಗೆ ಮುಖ ಮಾಡಲು ಬರುತ್ತಿರಲಿಲ್ಲ ಅಂತಲ್ಲ. 1938ರಲ್ಲಿ ಅರಮನೆ ಹತ್ತಿರದ ವುನ್‌ಮೊನಿಜೆ ಎಂಬಲ್ಲಿ ಮನೆ ಕಟ್ಟಲು ಮಣ್ಣು ಅಗೆಯುತ್ತಿದ್ದಾಗ ಲೋಹದ ತಲೆಗಳು ಒಂದರ ಹಿಂದೆ ಒಂದು ಸಿಕ್ಕವು. ಸುಮಾರು ಏಳುನೂರು ವರ್ಷ ಹಳೆಯವು. ಮೇಣದಲ್ಲಿ ಮಾದರಿ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕರಗಿಸಿದ ಲೋಹ ಹೊಯ್ದು ಮಾಡಿದ ಎರಕ. ಅವುಗಳಲ್ಲಿ ಒಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸುಮಾರು ಒಂದೂವರೆ ಗೇಣು ಎತ್ತರ. ತಲೆಯ ಮೇಲೆ ಕಿರೀಟವಿದೆ. ಹಣೆಯಿಂದ ಗದ್ದದವರೆಗೆ ಕೂದಲೆಳೆಯಂಥ ಸಣ್ಣ ಸಣ್ಣ ಗೆರೆಗಳು. ತುಟಿ ಮುಚ್ಚಿದೆ. ಆ ಮುಖದಲ್ಲಿ ಕೋಪವೂ ಇಲ್ಲ, ನಗುವೂ ಇಲ್ಲ, ಅಷ್ಟೊಂದು ಶಾಂತ.

ಇದಕ್ಕೂ ಮೊದಲು, 1910ರಲ್ಲಿ, ಜರ್ಮನಿಯ ಸಂಶೋಧಕ ಲಿಯೊ ಫ್ರೊಬೆನಿಯಸ್ ಇಫೆಗೆ ಬಂದು ಇಂಥದ್ದೇ ಶಿಲ್ಪಗಳನ್ನು ನೋಡಿದ್ದ. ಆಫ್ರಿಕಾದವರು ಇದನ್ನು ಮಾಡಿದ್ದಾರೆ ಅಂತ ಒಪ್ಪಲು ಅವನಿಗೆ ಮನಸ್ಸು ಬರಲಿಲ್ಲ. ಮುಳುಗಿಹೋದ ಅಟ್ಲಾಂಟಿಸ್‌ನ ಕಥೆ ಹೇಳಿ, ಗ್ರೀಕರ ಕಡೆ ಬೊಟ್ಟು ಮಾಡಿದ. ಮೋನಾಲಿಸಾ ಹೆಸರು ಕೇಳಿದಾಗ ನನಗೆ ಚುಚ್ಚುವುದು ಇದಕ್ಕೇ. ಅವತ್ತು ತಿರಸ್ಕಾರ ಇತ್ತು, ಇವತ್ತು ಮೆಚ್ಚುಗೆ ಇದೆ. ಆದರೆ ಅಳೆಯುವ ಕೋಲು ಬದಲಾಗಲಿಲ್ಲ, ಅಲ್ವಾ?

1938ರ ತಲೆಗಳಲ್ಲಿ ಕೆಲವು ದೇಶ ಬಿಟ್ಟು ಹೊರಗೆ ಹೋದವು. ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಬ್ಯಾಸ್ಕಮ್ ಕೊಂಡಿದ್ದ ಎರಡು ಮಾತ್ರ ಆಮೇಲೆ ಇಫೆಗೆ ವಾಪಸು ಬಂದವು. ಇಂಥ ಪುರಾತನ ವಸ್ತುಗಳು ಕೈತಪ್ಪಿ ಹೋಗಬಾರದು ಅಂತ ಹಟ ಹಿಡಿದು ದುಡಿದವರು ಕೆನೆತ್ ಮರ್ರಿ. ಅವರು ಮೊದಲು ಚಿತ್ರಕಲೆಯ ಮೇಷ್ಟ್ರು. ಅವರ ಶಿಷ್ಯರಲ್ಲೊಬ್ಬರು ಬೆನ್ ಎನ್ವೊನ್ವು.

ಎನ್ವೊನ್ವು ಹುಟ್ಟಿದ್ದು 1917ರಲ್ಲಿ, ನೈಜೀರಿಯಾದ ಒನಿಟ್ಶಾ ಊರಿನ ಇಗ್ಬೊ ಜನಾಂಗದ ಮನೆತನದಲ್ಲಿ. ಅಪ್ಪ ಶಿಲ್ಪಿ. ಮಗ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತು ಬಂದರು, ಎರಡನೇ ಎಲಿಜಬೆತ್ ರಾಣಿಯ ಕಂಚಿನ ಪ್ರತಿಮೆ ಮಾಡಿದರು. 1964ರಲ್ಲಿ ಲಾಗೋಸ್‌ನ ವಿದ್ಯುತ್ ಕಚೇರಿ ಮುಂದೆ ಅವರು ನಿಲ್ಲಿಸಿದ್ದು ಸಾಂಗೊ ಪ್ರತಿಮೆ. ಸಾಂಗೊ ಯೊರುಬಾ ಜನರ ಸಿಡಿಲಿನ ದೇವರು, ಹಿಂದೆ ಒಯೊ ರಾಜ್ಯದ ಅರಸನಾಗಿದ್ದವನು. ಇಗ್ಬೊ ಕಲಾವಿದನ ಕೈಯಲ್ಲಿ ಯೊರುಬಾ ಅರಸ ಮೂಡಿದ್ದ.

ಆಮೇಲೆ ಯುದ್ಧ ಬಂತು. 1967ರಿಂದ 1970ರ ಜನವರಿವರೆಗೆ ನೈಜೀರಿಯಾ ತನ್ನೊಳಗೇ ಹೊಡೆದಾಡಿತು. ಇಗ್ಬೊ ನಾಡು ಬಿಯಾಫ್ರಾ ಅಂತ ಬೇರೆ ಆಗಲು ಹೊರಟಿತ್ತು. ಲಕ್ಷಾಂತರ ಜನ ಸತ್ತರು. ಹೆಚ್ಚಿನವರು ಗುಂಡಿಗಲ್ಲ, ಹಸಿವಿಗೆ ಬಲಿಯಾದರು.

ಯುದ್ಧ ಮುಗಿದ ಮರುವರ್ಷ ಎನ್ವೊನ್ವು ಇಫೆ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. 1973ರಲ್ಲಿ ಅಲ್ಲೇ ಸುತ್ತಮುತ್ತ ಓಡಾಡುವಾಗ ಒಬ್ಬ ಹುಡುಗಿಯನ್ನು ಕಂಡರು. ಹೆಸರು ಅಡೆಟುಟು ಅಡೆಮಿಲುಯಿ. ಹಿಂದಿನ ಒಬ್ಬ ಓನಿಯ ಮೊಮ್ಮಗಳು. ಚಿತ್ರ ಬರೆಯುತ್ತೇನೆ ಅಂದರೆ ಮನೆಯವರು ಸುಲಭಕ್ಕೆ ಒಪ್ಪಲಿಲ್ಲ, ಮನವೊಲಿಸಬೇಕಾಯಿತು. ಹಾಗೆ ಮನವೊಲಿಸಿ ಒಂದಲ್ಲ, ಮೂರು ಚಿತ್ರ ಬರೆದರು.

ಚಿತ್ರದಲ್ಲಿ ಒಡವೆ ಅಬ್ಬರ ಇಲ್ಲ, ಸಿಂಹಾಸನ ಇಲ್ಲ. ತಲೆಗೆ ಸುತ್ತಿದ ಬಟ್ಟೆ ಇದೆ, ಕಿರೀಟ ಇಲ್ಲ. ನೀಳವಾದ ಕತ್ತು. ಮುಚ್ಚಿದ ತುಟಿ. ಇಫೆಯ ಎರಕದ ತಲೆ ನೋಡಿದವರಿಗೆ ಈ ಶಾಂತ ಮುಖ ಹೊಸದು ಅನಿಸುವುದಿಲ್ಲ. ಇನ್ನು ಹೆಸರು ನೋಡಿ. ಯೊರುಬಾದಲ್ಲಿ ‘ಅಡೆ’ ಅಂದರೆ ಕಿರೀಟ. ಅರಸುಮನೆತನದವರ ಹೆಸರಿನ ಮುಂದೆ ಅದು ಬರುತ್ತದೆ. ‘ಟುಟು’ ಅಂದರೆ ತಂಪು. ಒಳ್ಳೆಯವರ ಗುಣ ಹೇಳುವಾಗಲೂ ಯೊರುಬಾ ಜನ ಇದೇ ತಂಪಿನ ಮಾತು ಆಡುತ್ತಾರೆ. ಎನ್ವೊನ್ವು ಹೆಸರಿನಿಂದ ಕಿರೀಟ ತೆಗೆದು, ತಂಪನ್ನು ಮಾತ್ರ ಚಿತ್ರಕ್ಕೆ ಉಳಿಸಿಕೊಂಡರು.

ಯುದ್ಧದ ಬೂದಿ ಇನ್ನೂ ಆರಿರದ ದಿನಗಳು ಅವು. ಸೋತ ಕಡೆಯ ಇಗ್ಬೊ ಕಲಾವಿದರೊಬ್ಬರು ಯೊರುಬಾ ಹುಡುಗಿಯ ಮುಖವನ್ನು ಇಷ್ಟು ಅಕ್ಕರೆಯಿಂದ ಬರೆದರು. ಅದಕ್ಕೇ ಇರಬೇಕು, ನೈಜೀರಿಯಾ ಈ ಚಿತ್ರವನ್ನು ಮುರಿದ ಮನಸ್ಸುಗಳು ಕೂಡಿದ ಗುರುತು ಅಂತ ಕಂಡಿತು. ಅಚ್ಚು ಹಾಕಿಸಿದ ಪ್ರತಿಗಳು ಮನೆಮನೆಯ ಗೋಡೆಗೆ ಬಂದವು. ಮೂಲ ಚಿತ್ರಗಳು ಮಾತ್ರ ಕಣ್ಮರೆಯಾದವು. ಅವುಗಳಲ್ಲಿ ಒಂದು ಸಿಗುವ ಮೊದಲೇ, 1994ರಲ್ಲಿ, ಎನ್ವೊನ್ವು ತೀರಿಕೊಂಡರು.

ಲಂಡನ್ನಿನಲ್ಲಿ ಸಿಕ್ಕಿದ್ದು ಎರಡನೆಯ ಟುಟು. ಆ ಹರಾಜಿನ ದಿನಕ್ಕೂ ಉಳಿದೆರಡು ಟುಟುಗಳ ಸುಳಿವು ಇರಲಿಲ್ಲ.