ಹಳೆಯ ಕ್ಯಾಂಪರ್‌ನ ಚಿಲಕ: ಬಿಚ್ಚುವ ಮೊದಲು ಬಾಗಿಲು ನೋಡಿ

ಕ್ಯಾಂಪರ್ ಎಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್. ಅಮೆರಿಕದ 1950–60ರ ದಶಕದ ಇಂಥ ಟ್ರೇಲರ್‌ಗಳಲ್ಲಿ ಬಾರ್ಗ್‌ಮನ್ ಕಂಪನಿಯ ಎಲ್-66ರಂಥ ಬಾಗಿಲ ಚಿಲಕಗಳು ಇಂದಿಗೂ ಕಾಣಸಿಗುತ್ತವೆ. ಹಿಡಿಕೆ ಬಿಗಿಯಾಯಿತೆಂದು ಬಲ ಹಾಕಿ ತಿರುಗಿಸುವುದೇ ಇವುಗಳ ಜೀವ ತೆಗೆಯುವ ಕೆಲಸ. ಆ ಕಾಲದ ಹಿಡಿಕೆಗಳು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಅವು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತವೆ.

ಮೊದಲು ಬಾಗಿಲು ತೆರೆದಿಟ್ಟೇ ಹಿಡಿಕೆ ತಿರುಗಿಸಿ. ಆಗ ಸಲೀಸಾಗಿ ತಿರುಗಿ, ಮುಚ್ಚಿದಾಗ ಮಾತ್ರ ಸಿಕ್ಕಿಕೊಂಡರೆ ತಪ್ಪು ಚಿಲಕದ್ದಲ್ಲ. ನಿಂತ ಗಾಡಿ ಅಲುಗದಂತೆ ಮೂಲೆಗಳಿಗೆ ಕೊಡುವ ಜ್ಯಾಕುಗಳನ್ನು ಅತಿಯಾಗಿ ಎತ್ತಿದ್ದರೆ ಗಾಡಿಯ ಚೌಕಟ್ಟೇ ತಿರುಚಿಕೊಂಡಿರುತ್ತದೆ. ಸಡಿಲಿಸಿ ಮತ್ತೆ ನೋಡಿ. ಚಿಲಕದ ನಾಲಿಗೆಯ (ಹೊರಚಾಚಿ ಬಾಗಿಲನ್ನು ಹಿಡಿದಿಡುವ ತುಂಡು) ತುದಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿದರೆ, ನಾಲಿಗೆ ಕೂರುವ ತೂತಿರುವ ಎದುರಿನ ತಗಡಿನ ಮೇಲೆ ಗುರುತು ಬೀಳುತ್ತದೆ. ಅದು ತೂತಿಗಿಂತ 2–3 ಮಿ.ಮೀ. ಕೆಳಗಿದ್ದರೆ ಬಾಗಿಲು ಜೋತಿದೆ. ಅಲ್ಯೂಮಿನಿಯಂ ಹೊದಿಕೆಯ ಒಳಗಿನ ಮರ ನೀರು ಕುಡಿದು ಮೆತ್ತಗಾಗಿ, ಹಿಂಜಿನ ಸ್ಕ್ರೂಗಳು ಹಿಡಿತ ಬಿಟ್ಟಿರುತ್ತವೆ. ಆ ಸ್ಕ್ರೂ ತೂತುಗಳಿಗೆ ಎಪಾಕ್ಸಿ ಅಂಟು ಹಚ್ಚಿದ ಗಟ್ಟಿಮರದ ಗೂಟ ಬಡಿದು, ಒಂದು ದಿನ ಒಣಗಲು ಬಿಟ್ಟು, ಹೊಸದಾಗಿ ಕೊರೆಯಿರಿ. ಮರ ಪೂರ್ತಿ ಕೊಳೆತಿದ್ದರೆ ಗೂಟ ನಿಲ್ಲದು, ಆ ತುಂಡನ್ನೇ ಬದಲಿಸಬೇಕು.

ಬಾಗಿಲು ನೆಟ್ಟಗಿದ್ದೂ ತೊಂದರೆ ಉಳಿದರೆ ಲಕ್ಷಣ ನೋಡಿ. ಹಿಡಿಕೆ ಜೋತುಬಿದ್ದರೆ ಅದನ್ನು ಹಿಂದಕ್ಕೆ ತರುವ ಸ್ಪ್ರಿಂಗ್ ಮುರಿದಿದೆ. ನಾಲಿಗೆ ಹೊರಬಾರದಿದ್ದರೆ ಹಳೆಯ ಗ್ರೀಸು ಒಣಗಿ ಅಂಟಾಗಿರುವುದೇ ಹೆಚ್ಚು. ಹಿಡಿಕೆ ತಿರುಗಿದರೂ ನಾಲಿಗೆ ಅಲುಗದಿದ್ದರೆ ಹಿಡಿಕೆಯಿಂದ ಚಿಲಕದೊಳಕ್ಕೆ ಹೋಗುವ ಚೌಕ ಕಂಬಿ ಕೂರುವ ತೂತಿನ ಮೂಲೆಗಳು ಸವೆದು ದುಂಡಗಾಗಿವೆ.

ಬಿಚ್ಚುವ ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಹಿಡಿಕೆಯ ಸ್ಕ್ರೂ ಜಗ್ಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ ರಾತ್ರಿಯಿಡೀ ಬಿಡಿ. ಗ್ಯಾಸ್ ಟಾರ್ಚ್ ಬೇಡವೇ ಬೇಡ: ಈ ಲೋಹ ಸುಮಾರು 380 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಚಿಲಕದ ಭಾಗಗಳಿರುವ ಪೆಟ್ಟಿಗೆಯ ಮುಚ್ಚಳವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೆಗೆಯಿರಿ. ಸ್ಪ್ರಿಂಗ್ ಚಿಮ್ಮಿದರೂ ಕಳೆಯುವುದಿಲ್ಲ. ಒಳಗಿನ ಕೊಳೆ ತೊಳೆಯಲು ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ವಿನೆಗರ್ ಬೇಡ, ಅದರಂಥ ಆಮ್ಲ ಸತುವನ್ನು ತಿನ್ನುತ್ತದೆ.

ಹೆಚ್ಚಿನವರು ಎಡವುವುದು ಬದಲಿ ಸ್ಪ್ರಿಂಗ್ ಆರಿಸುವಾಗ. ತಂತಿಯ ದಪ್ಪವನ್ನು ವರ್ನಿಯರ್ ಅಳತೆ ಸಾಧನದಲ್ಲಿ ಅಳೆದು, ಸುತ್ತುಗಳನ್ನು ಎಣಿಸಿದರಷ್ಟೇ ಸಾಲದು, ಸುತ್ತಿನ ದಿಕ್ಕನ್ನೂ ನೋಡಬೇಕು. ಹಿಡಿಕೆ ತಿರುಗಿದಾಗ ಸುರುಳಿ ಬಿಗಿಯಬೇಕು. ಬಿಚ್ಚಿಕೊಳ್ಳುವ ದಿಕ್ಕಿನದನ್ನು ಹಾಕಿದರೆ ಬೇಗ ಮುರಿಯುತ್ತದೆ. ಎಡ ಬಾಗಿಲಿನದು ಬಲಕ್ಕೆ ಹೊಂದದಿರಲು ಇದೂ ಒಂದು ಕಾರಣ.

ಜೋಡಿಸುವಾಗ ನಾಲಿಗೆಯ ಮೈಗೆ ತೆಳುವಾಗಿ ಲಿಥಿಯಂ ಗ್ರೀಸು, ಕೀಲಿಕೈ ತೂತಿಗೆ ಒಣ ಗ್ರಾಫೈಟ್ ಪುಡಿ. ಅಲ್ಲಿ ಎಣ್ಣೆ ಹಾಕಿದರೆ ಧೂಳು ಕೂತು ಕೆಸರಾಗುತ್ತದೆ. ನಾಲಿಗೆಯ ಓರೆ ಮುಖ, ಬಾಗಿಲು ಮುಚ್ಚುವಾಗ ಎದುರಿನ ತಗಡಿಗೆ ಮೊದಲು ತಾಗುವಂತಿರಲಿ. ಚಿಲಕದ ಹೊರ ತಗಡಿನ ಹಿಂದೆ ನೀರು ತಡೆಯಲು ಬ್ಯೂಟೈಲ್ (ಅಂಟು ರಬ್ಬರ್) ಟೇಪ್ ಹಾಕಿ, ಸಿಲಿಕೋನ್ ಬೇಡ. ಮುಂದೆ ಬಿಚ್ಚುವವರಿಗೆ ಅದು ಶಿಕ್ಷೆ. ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಪ್ರತಿ ಸಲವೂ ಹಿಡಿಕೆ ತಿರುಗಿಸಿ ನೋಡಿ. ಅತಿಯಾಗಿ ಬಿಗಿದರೆ ಪೆಟ್ಟಿಗೆ ಹಿಚುಕಿ ನಾಲಿಗೆ ಸಿಕ್ಕಿಕೊಳ್ಳುತ್ತದೆ.

ಬಾಗಿಲು ಮುಚ್ಚುವ ಮೊದಲು ಒಳಗಿನ ಹಿಡಿಕೆಯನ್ನು ಹತ್ತು ಸಲ ಪರೀಕ್ಷಿಸಿ; ಮೊದಲ ಸಲ ಮುಚ್ಚುವಾಗ ಕಿಟಕಿಯೊಂದು ತೆರೆದಿರಲಿ. ಗಾಡಿ ಎಳೆದುಕೊಂಡು ಹೋದ ಮೊದಲ ಪ್ರಯಾಣದ ನಂತರ ಸ್ಕ್ರೂಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಕುಲುಕಾಟಕ್ಕೆ ಅವು ಸಡಿಲವಾಗಿರುತ್ತವೆ.