ತೂಕ ಇಳಿಸುವ ಆಪರೇಷನ್ ನಂತರ ನರಗಳ ತೊಂದರೆ: ಮೊದಲು ದಿನ ಲೆಕ್ಕ ಹಾಕಿ

ಈ ಪಾಠದಲ್ಲಿ ಕಾಯಿಲೆಗಳ ಹೆಸರು ಉರು ಹೊಡೆದರೆ ಎಲ್ಲ ಕಲಸಿಹೋಗುತ್ತದೆ. 'ಆಪರೇಷನ್ ಆಗಿ ಎಷ್ಟು ದಿನ ಆಯ್ತು?' ಎಂದು ಕೇಳಿಕೊಂಡು ಓದಿ. ದೇಹ ಒಂದೊಂದು ವಿಟಮಿನ್ನನ್ನು ಒಂದೊಂದು ಅವಧಿಗೆ ಆಗುವಷ್ಟು ಕೂಡಿಟ್ಟಿರುತ್ತದೆ. ಆಪರೇಷನ್ ನಂತರ ಹೊಸದು ಸಾಕಷ್ಟು ಸೇರದೆ ಅದು ಮುಗಿದಾಗ ನರ ಸೊರಗುತ್ತದೆ.

ಮೊದಲು ಖಾಲಿಯಾಗುವುದು ಥಯಮಿನ್, ಅಂದರೆ ಬಿ1. ದೇಹದಲ್ಲಿರುವುದೇ ಸುಮಾರು 30 ಮಿಲಿಗ್ರಾಂ. ಎರಡು ಮೂರು ವಾರ ಊಟ ಸೇರದಿದ್ದರೆ ಮುಗಿಯಿತು. ಆಪರೇಷನ್ ಆದ ಒಂದರಿಂದ ಮೂರು ತಿಂಗಳೊಳಗೆ ಬಿಡದೆ ವಾಂತಿ ಮಾಡುವವರಲ್ಲಿ ಇದನ್ನು ಮೊದಲು ನೆನೆಯಬೇಕು. ಕಾಲು ಜುಮುಗುಟ್ಟಿ ಬಲ ಕಳೆದುಕೊಳ್ಳಬಹುದು. ಮೆದುಳಿಗೆ ತಟ್ಟಿದರೆ ವರ್ನಿಕೆ ಕಾಯಿಲೆ: ಕಣ್ಣುಗುಡ್ಡೆ ಅದುರುವುದು, ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲ. ಎಲ್ಲವೂ ಒಟ್ಟಿಗೆ ಕಾಣುವುದು ಕಡಿಮೆ. ಒಂದೇ ಲಕ್ಷಣ ಇದ್ದರೂ ಸಂಶಯಪಡಿ.

ವರ್ನಿಕೆ ಎಂದರೆ ಕುಡಿತದ ಕಾಯಿಲೆ ಎಂದು ನಾವು ಸುಮ್ನೆ ಬದಿಗಿಡುತ್ತೇವೆ, ಅಲ್ವಾ? 1881ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವರ್ನಿಕೆ ವಿವರಿಸಿದ ಮೂವರು ರೋಗಿಗಳಲ್ಲಿ ಒಬ್ಬಳು ಬಟ್ಟೆ ಹೊಲಿಯುವ ಹುಡುಗಿ. ಆಸಿಡ್ ಕುಡಿದು ಜಠರದ ಹೊರಬಾಯಿ ಕಟ್ಟಿ, ವಾಂತಿ ನಿಲ್ಲದೆ ಹೀಗಾಗಿತ್ತು. ಅವಳ ಕಥೆ ನೆನಪಿಟ್ಟರೆ ಸಾಕು, ಈ ತಪ್ಪು ಆಗುವುದಿಲ್ಲ.

ವಾಂತಿಯಿಂದ ಸುಸ್ತಾಗಿ ಬಂದವರಿಗೆ ತಕ್ಷಣ ಗ್ಲೂಕೋಸ್ ಬಾಟಲಿ ಹಾಕುವ ರೂಢಿ ಇದೆ. ಜೀವಕೋಶ ಗ್ಲೂಕೋಸ್ ಬಳಸಲು ಬಿ1 ಬೇಕು. ಅಳಿದುಳಿದದ್ದೂ ಅದಕ್ಕೇ ಖರ್ಚಾಗಿ ರೋಗಿ ಇನ್ನೂ ಕುಸಿಯಬಹುದು. ಅದಕ್ಕೇ ಥಯಮಿನ್ ಮೊದಲು, ಅದೂ ರಕ್ತನಾಳದ ಮೂಲಕ. ವಾಂತಿ ಆಗುವವರಿಗೆ ಮಾತ್ರೆ ಕೊಟ್ಟು ಏನು ಪ್ರಯೋಜನ? ರಕ್ತದ ಸಕ್ಕರೆ ತೀರಾ ಇಳಿದಿದ್ದರೆ ಮಾತ್ರ ಗ್ಲೂಕೋಸ್ ತಡ ಮಾಡಬೇಡಿ, ಎರಡನ್ನೂ ಜೊತೆಗೇ ಕೊಡಬೇಕು. ಲ್ಯಾಬ್ ರಿಪೋರ್ಟಿಗೂ ಕಾಯಬಾರದು.

ಇದೇ ಮೊದಲ ತಿಂಗಳುಗಳಲ್ಲಿ ಪಾದ ಜೋತು ಬಿದ್ದರೆ ಮೊಣಕಾಲಿನ ಹೊರಬದಿ ನೋಡಿ. ಅಲ್ಲಿ ನರಕ್ಕೆ ಮೆತ್ತೆಯಂತಿದ್ದ ಕೊಬ್ಬು ಕರಗಿರುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತರೂ ನರ ಒತ್ತುತ್ತದೆ.

ಬಿ12 ಕಥೆ ನಿಧಾನದ್ದು. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಿನ್ನುವವರಲ್ಲಿ ಅದು ಮೊದಲೇ ಕಡಿಮೆ ಇರಬಹುದು. ಬಿ12 ಕೊರತೆಯಾದವರು ಕಣ್ಣು ಮುಚ್ಚಿ ನಿಂತರೆ ವಾಲುತ್ತಾರೆ, ಪಾದಕ್ಕೆ ಕಂಪನ ತಿಳಿಯುವುದಿಲ್ಲ.

ಇದೇ ಚಿತ್ರ ಇದ್ದು ಬಿ12 ಸರಿಯಿದ್ದರೆ ತಾಮ್ರದ ಮಟ್ಟ ನೋಡಿ. ಕೂದಲು ಉದುರುತ್ತದೆಂದು ಸತುವಿನ (ಜಿಂಕ್) ಮಾತ್ರೆ ಜಾಸ್ತಿ ತಿಂದಿದ್ದಾರಾ ಎಂದೂ ಕೇಳಿ. ಸತು ಹೆಚ್ಚಾದರೆ ಕರುಳು ತಾಮ್ರವನ್ನು ಒಳಗೆ ಬಿಡುವುದಿಲ್ಲ.